ಬೀಗರು ನೋಡುವ ನೆಲ

“ಪರಸಿ ಕಲ್ಲು ಪಡಸಾಲಿ ನೆಲಕ್ಕಷ್ಟ ಹಾಸ್ರಿ ಸಾಬ್ರ. ಗಂಗಾವತಿ ಬೀಗರು ಕೂಡೂದು ಇಲ್ಲೇ. ಅಡಿಗಿಮನಿ ಯಾರ್ ನೋಡ್ತಾರ?” ಎಂದು ಹೊನ್ನೂರಪ್ಪ, ಗೌಂಡಿ ಕೆಲಸದ ಇಬ್ರಾಹಿಂಸಾಬನಿಗೆ ಹೇಳಿದ.

ನೆಲ ಬಡಿಯುವ ದಿಮ್ಮಸು ಹಿಡಿದಿದ್ದ ಹೆಂಡತಿ ಯಂಕವ್ವನ ಕೈ ನಿಂತಿತು. ಮನೆಯ ಸಾಮಾನೆಲ್ಲ ಹೊರಗೆ ಹೊತ್ತು, ಪಡಸಾಲೆ, ಅಡುಗೆಮನೆ ಎರಡರ ಹಳೆ ನೆಲವನ್ನೂ ಅಗೆದು, ಮರಮು ಮಣ್ಣು ಸುರಿದು, ನೀರು ಹೊಡೆದು ಬಡಿದವಳು ಅವಳು. ಮೂರು ದಿನದಿಂದ ಅಂಗಳದ ಬಿಸಿಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ರೊಟ್ಟಿ ಬಡಿದವಳೂ ಅವಳೇ.

“ಅಲ್ಲಿ ನಾ ಇರ್ತೀನಲ್ಲ?”

“ನಿನಗ ಸಗಣಿ ಸಾರ್ಸೂದು ರೂಢಿ ಐತಿ,” ಎಂದು ಗಂಡ ನಕ್ಕ.

ಯಂಕವ್ವ ದಿಮ್ಮಸು ಬಿಸಾಕಿದಳು. ಅಂಗಳದ ಮಸಿ ಹಿಡಿದ ಮೂರು ಕಲ್ಲುಗಳನ್ನೂ ಹೊತ್ತು ತಂದು, ಪಡಸಾಲೆಯ ನಟ್ಟನಡುವೆ ಕುಕ್ಕಿದಳು.

“ಹಂಗಾರ ಇನ್ನ ಮ್ಯಾಲೆ ಅಡಿಗಿ ಇಲ್ಲೇ. ಬೀಗರು ನೋಡ್ಲಿ!”

ಇಬ್ರಾಹಿಂಸಾಬ ಯಾರ ಮುಖವನ್ನೂ ನೋಡದೆ, ಮಟ್ಟದ ದಾರದ ಉಂಡೆ ಬಿಚ್ಚುತ್ತ ಅಡುಗೆಮನೆಯ ನೆಲ ಅಳೆಯಲು ಒಳಗೆ ನಡೆದ.