ಪೆಡಲ್ ಮೇಲೆ ಅವ್ವನ ಕಾಲು

ಬ್ರೇಕ್ ಆಯಿಲ್ ವಾಸನೆ ಬಂದರೆ ಈಗಲೂ ನನಗೆ ಹನುಮನಹಳ್ಳಿಯ ನಮ್ಮ ಅಂಗಳ ಕಾಣುತ್ತದೆ.

ಪ್ರವಾಸಿಗರನ್ನು ಒಯ್ಯುತ್ತಿದ್ದ ಅಪ್ಪನ ಜೀಪು ಒಮ್ಮೆ ಗುಡ್ಡದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಜಾರಿತ್ತು. ಅಂದಿನಿಂದ ಅವ್ವ ನಮ್ಮನ್ನು ಅದಕ್ಕೆ ಹತ್ತಿಸಿರಲಿಲ್ಲ. ಅಪ್ಪ ಗುಜರಿಯಿಂದ ಗಾಲಿಗಳ ದಪ್ಪನೆಯ ಅಚ್ಚು ಅಂದರೆ ಎಕ್ಸಲ್, ಡಿಸ್ಕ್ ಬ್ರೇಕ್ ತಂದು ಬೇವಿನ ನೆರಳಲ್ಲಿ ತಾನೇ ಜೀಪಿಗೆ ಜೋಡಿಸಿದ. ಬ್ರೇಕ್ ಆಯಿಲ್ ಪೈಪಿನಲ್ಲಿ ಗಾಳಿ ಉಳಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ; ಆ ಗಾಳಿ ತೆಗೆಯಲು ಪೆಡಲ್ ತುಳಿಯುವವರು ಬೇಕಾಯಿತು. ಅವ್ವ ರೊಟ್ಟಿ ಹಿಟ್ಟಿನ ಕೈ ಒರೆಸಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕುಳಿತಳು.

"ಒತ್ತು. ಹಂಗ ಹಿಡಿ. ಈಗ ಬಿಡು," ಎಂದು ಅಪ್ಪ ಗಾಲಿಯ ಪಕ್ಕದಲ್ಲಿ ಮಲಗಿ ಹೇಳುತ್ತಿದ್ದ. ಬಹಳ ಹೊತ್ತಿನ ಮೇಲೆ, "ಸಾಕು, ಇಳಿ," ಎಂದ.

"ಇನ್ನೂ ಮೆತ್ತಗ ಐತ್ರಿ."

"ಗಾಳಿ ಎಲ್ಲಾ ಹೋಗೇತಿ."

"ನನ್ನ ಕಾಲಿಗೆ ಗೊತ್ತಾಗತೈತಿ. ಇನ್ನೊಮ್ಮೆ ನೋಡ್ರಿ."

ಅಪ್ಪ ಗೊಣಗುತ್ತ ಮತ್ತೆ ನಾಲ್ಕೂ ಗಾಲಿಗಳ ಬಳಿ ಹೋಗಿ ಗಾಳಿ ಬಿಟ್ಟು ನೋಡಿದ. ಹಿಂದಿನ ಎಡಗಾಲಿಯಿಂದ ಬಂದ ಆಯಿಲ್‌ನಲ್ಲಿ ಗುಳ್ಳೆಗಳು ಎದ್ದವು. "ಇನ್ನೊಮ್ಮೆ ಒತ್ತು," ಎಂದು ಈಗ ಅಪ್ಪನೇ ಹೇಳಿದ.

ಬಿಸಿಲು ಇಳಿಯುವ ಹೊತ್ತಿಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. ಅವ್ವ ಇಳಿದು, ನನ್ನನ್ನೂ ತಂಗಿಯನ್ನೂ ಎತ್ತಿ ಜೀಪಿನ ಹಿಂದೆ ಕೂಡಿಸಿದಳು.

"ಗುಡ್ಡದ ದಾರೀಲೇ ಕರ್ಕೊಂಡು ಹೋಗಿ ಬರ್ರಿ," ಎಂದು ಅಪ್ಪನಿಗೆ ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದಳು.