ಆಸ್ಟಿನ್ ಟೌನಿನ ಹಗೆ ಪರೀಕ್ಷೆ

ಫುಟ್‌ಬಾಲ್ ಅಷ್ಟಾಗಿ ತಿಳಿಯದ ನಾನು ಇದನ್ನು ಹೇಳಹೊರಟದ್ದು ಅಧಿಕಪ್ರಸಂಗವೇ, ಮನ್ನಿಸಬೇಕು.

ಎದುರಾಳಿಯ ಮೇಲೆ ನಿಜವಾದ ಹಗೆಯಿಲ್ಲದ ತಂಡವನ್ನು ಸರ್ಕಾರ ಮುಚ್ಚಿಸುತ್ತಿದ್ದ ಕಾಲವದು. ಆ ವರ್ಷ ಆಸ್ಟಿನ್ ಟೌನಿನ ಕೆಂಪು ತಂಡದ ಪರವಾಗಿ ಹಗೆಮಾಪಕದ ಮೇಲೆ ಕೈಯಿಟ್ಟವರು ದೇವಸಹಾಯಂ. ಎದುರಿಗೆ ಕೂತಿದ್ದ ನೀಲಿ ತಂಡದ ಮುನಿರತ್ನಮ್ಮ, ಎಂದಿನಂತೆ ತಮ್ಮ ಫ್ಲಾಸ್ಕಿನಿಂದ ಇಬ್ಬರಿಗೂ ಟೀ ಬಗ್ಗಿಸಿದರು. ಮಾಪಕದ ಮುಳ್ಳು ಅಲುಗಲಿಲ್ಲ.

"ಬೈಯಮ್ಮ, ನಮ್ ಟೀಮ್ ಹೋಗ್ಬಿಡತ್ತೆ!"

"ನಿಮ್ ಗೋಲ್‌ಕೀಪರ್‌ಗಿಂತ ನಮ್ಮನೆ ಸೊಳ್ಳೆಪರದೆ ವಾಸಿ ಕಣಯ್ಯ."

ದೇವಸಹಾಯಂ ನಕ್ಕುಬಿಟ್ಟರು. ಮುಳ್ಳು ಸೊನ್ನೆಯಲ್ಲೇ ಇತ್ತು. ಪರೀಕ್ಷೆ ನಡೆಸಲು ಬಂದಿದ್ದ ಸರ್ಕಾರಿ ಅಧಿಕಾರಿ, ತಂಡ ಮುಚ್ಚುವ ಮುದ್ರೆ ಎತ್ತಿಕೊಂಡರು.

ಮುನಿರತ್ನಮ್ಮ ತಟ್ಟನೆ ಎದ್ದರು. "ಇವ್ರಿಲ್ದಿದ್ರೆ ಭಾನುವಾರ ನಾವ್ ಯಾರನ್ನ ಸೋಲ್ಸೋದು ಸಾರ್?" ಅವರ ದನಿ ನಡುಗುತ್ತಿತ್ತು.

ಕೈಯನ್ನಿನ್ನೂ ಮಾಪಕದ ಮೇಲಿಟ್ಟಿದ್ದ ದೇವಸಹಾಯಂ ಅವರತ್ತ ತಿರುಗಿ ನೋಡಿದರು. ಅದೇ ಹೊತ್ತಿಗೆ ಮುಳ್ಳು ಜಿಗಿದು ಕೊನೆಯ ಗೆರೆ ಮುಟ್ಟಿತು.

ತಂಡ ಉಳಿಯಿತು. ಅದು ಹಗೆಯೇ ಆಗಿತ್ತೇ ಎಂಬುದು ದೇವಸಹಾಯಂ ಅವರಿಗೆ ಈಗಲೂ ಗೊತ್ತಿಲ್ಲ, ನನಗಂತೂ ಇಲ್ಲವೇ ಇಲ್ಲ.