ಬಂಗುಡೆ ಒಲ್ಲದ ಮನೆ

ಅತಿಥಿಗಳನ್ನು ಕರೆಯುವುದು, ಗದರುವುದು ಎಲ್ಲವನ್ನೂ ಬಾಡಿಗೆ ಮನೆಗಳೇ ವಹಿಸಿಕೊಂಡು ವರ್ಷಗಳಾಗಿದ್ದವು. ಮೊಮ್ಮಕ್ಕಳ ರಜೆಗೆಂದು ಕಡಲ ದಂಡೆಯ ಅಂಥದೊಂದು ಮನೆಗೆ ಬಂದಿದ್ದ ವಾರಿಜಕ್ಕ ಮಸಾಲೆ ಸವರಿದ ಬಂಗುಡೆಯನ್ನು ಕಾವಲಿಗೆ ಹಾಕಿದ್ದೇ ತಡ, ಒಲೆ ತಾನಾಗಿ ಆರಿತು.

“ಇಲ್ಲಿ ಮೀನಿನ ವಾಸನೆಗೆ ಅವಕಾಶವಿಲ್ಲ,” ಎಂದಿತು ಮನೆ, ಮೆತ್ತಗೆ.

“ಗೋಡೆಯಲ್ಲಿ ಚಂದಕ್ಕೆ ಬಲೆ ತೂಗಿಸಿದ್ದಿಯಲ್ಲ, ಅದರಲ್ಲಿ ಎಂಥ, ಮಲ್ಲಿಗೆ ಹಿಡಿಯುದಾ?”

ಒಲೆ ಮತ್ತೆ ಹೊತ್ತಲಿಲ್ಲ. ವಾರಿಜಕ್ಕ ದುಮುಗುಡುತ್ತಾ ಕಾವಲಿ ಎತ್ತಿಕೊಂಡು ಹೊರನಡೆದಳು. ಮರಳಿನ ಮೇಲೆ ಮೂರು ಕಲ್ಲಿಟ್ಟು, ತೆಂಗಿನ ಗರಿ ಉರಿಸಿ ಮೀನು ಕಾಯಿಸಿದಳು. ಘಮಕ್ಕೆ ಅಕ್ಕಪಕ್ಕದ ಮನೆಗಳ ಅತಿಥಿಗಳೆಲ್ಲ ಬಂದು ಮುತ್ತಿಕೊಂಡರು.

ಈಗ ಮನೆಯ ದನಿ ಏರಿತು. “ಬನ್ನಿ ಬನ್ನಿ, ಕರಾವಳಿಯ ಈ ಅಪ್ಪಟ ರುಚಿ ನಮ್ಮಲ್ಲಿ ಮಾತ್ರ!”

ವಾರಿಜಕ್ಕ ಸಟ್ಟುಗ ಎತ್ತಿ ಅದರತ್ತ ತಿರುಗಿದಳು.

“ನಿಂಗೆ ಮೂಗು ಇಟ್ಟವರು ನಾಚಿಕೆ ಇಡ್ಲಿಕ್ಕೆ ಮರ್ತರಾ?”